ಸೊಂಟದೆತ್ತರದ ಕೊಂಬೆಗಳು

ಹೊಸ ತೋಟ ಹಿಡಿಯುವ ದಿನ ಅಪ್ಪ ಮೊದಲು ಮಾಡುವ ಕೆಲಸ ಹಿಂದಿನ ಮಾಲಿಯನ್ನು ಬೈಯುವುದು. ಚೀಲದಿಂದ ಕತ್ತರಿ ಹೊರಗೆ ಬರುವ ಮೊದಲೇ ಬೈಗುಳ ಬರುತ್ತದೆ. ಮನೆಯವರು ನಗುತ್ತಾರೆ, ಇವನಿಗೆ ಕೆಲಸ ಗೊತ್ತಿದೆ ಅಂದುಕೊಳ್ಳುತ್ತಾರೆ. ನಾಳೆ ಇನ್ನೊಬ್ಬ ಮಾಲಿ ಬಂದು ಅಪ್ಪನನ್ನೂ ಹಾಗೇ ಬೈಯುತ್ತಾನೆ. ನಮ್ಮ ಕಸುಬಿನಲ್ಲಿ ಇದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈ ಮನೆಯ ಕೆಲಸ ನಮಗೆ ಬೇಕೇ ಬೇಕಿತ್ತು. ಅಪ್ಪ ನೋಡಿಕೊಳ್ಳುತ್ತಿದ್ದ ಆಫೀಸಿನ ತೋಟವನ್ನು ಕಿತ್ತು, ಗಾಡಿ ನಿಲ್ಲಿಸಲು ಕಲ್ಲು ಹಾಸಿಬಿಟ್ಟಿದ್ದರು. ಅಂದಿನಿಂದ ಅವನು ಮನೆಯಲ್ಲಿ ಕೂತು ಮೊಂಡಾಗದ ಕತ್ತರಿಯನ್ನೇ ಮಸೆಯುತ್ತಿದ್ದ. ಶಾಲೆ ಬಿಟ್ಟಾಗಿನಿಂದ ನಾನು ಅವನ ಜೊತೆಯಲ್ಲೇ ಕೆಲಸಕ್ಕೆ ಹೋಗುವವಳು. ಕಳೆ ಕೀಳುವುದು, ಗುಡಿಸುವುದು ನನ್ನದು. ಮಾತೆಲ್ಲ ಅವನದು. ನನ್ನ ಪಾಲಿನದನ್ನೂ ಅವನೇ ಆಡುತ್ತಾನೆ.

ಬಳ್ಳಿ ಹಬ್ಬಿದ್ದರಿಂದ ಗೇಟು ಅರ್ಧಕ್ಕೇ ಸಿಕ್ಕಿಕೊಂಡಿತು. ಓರೆಯಾಗಿ ಒಳಗೆ ನುಗ್ಗಿದೆವು. ಮನೆಯೊಡತಿ ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದರು.

"ಬಂದವರಿಗೆ ತೋರಿಸೋಕೇ ನಾಚಿಕೆ ಆಗತ್ತೆ," ಅಂದರು.

"ನಿಮಗ್ಯಾಕಮ್ಮಾ ನಾಚಿಕೆ? ಹಿಂದಿನ ಮಾಲಿಗೆ ಆಗಬೇಕು." ಅಪ್ಪ ಗುಲಾಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಇದೇನು, ಕತ್ತರೀಲಿ ಕತ್ತರಿಸಿದ್ದಾನಾ, ಹಲ್ಲಿಂದ ಕಚ್ಚಿದ್ದಾನಾ?"

"ಅಲ್ಲ, ಅದು..."

"ತೊಗಟೆ ಸುಲಿದುಹೋಗಿದೆ ನೋಡಿ. ಸಂಬಳ ಬೇರೆ ಕೊಟ್ರಾ ಅವನಿಗೆ?"

ಅಮ್ಮ ನಗಲಿಲ್ಲ. ಆಗ ನಾನು ಸುತ್ತ ನೋಡಿದೆ. ಗುಲಾಬಿ, ದಾಸವಾಳ, ಬೇಲಿಯ ಗಿಡ, ಎಲ್ಲದರಲ್ಲೂ ಕತ್ತರಿಸಿದ ಗುರುತು ನನ್ನ ಸೊಂಟದವರೆಗೆ ಮಾತ್ರ ಇತ್ತು. ಅದರ ಮೇಲೆ ಯಾರ ಕೈಯೂ ತಾಕಿರಲಿಲ್ಲ. ಕೊಂಬೆಗಳು ಬೇಕಾದ ಹಾಗೆ ಬೆಳೆದಿದ್ದವು. ದಾರಿಯ ಮಣ್ಣಿನಲ್ಲಿ ಚಕ್ರದ ಎರಡು ಗೀರು, ನಡುವೆ ಹುಲ್ಲು. ಜಗಲಿಯ ಮೆಟ್ಟಿಲ ಮೇಲೆ ಇಳಿಜಾರಾಗಿ ಒಂದು ಹಲಗೆ. ಅಪ್ಪನ ಹಿಂದೆಯೇ ಕಿಟಕಿ ತೆರೆದಿತ್ತು. ಪರದೆಯ ಕೆಳಗೆ ಕಂಬಳಿ ಹೊದ್ದ ಮೊಣಕಾಲು ಕಾಣುತ್ತಿತ್ತು.

ನಾನು ಅಪ್ಪನ ಅಂಗಿ ಎಳೆದೆ.

"ಇವಳು ಹೀಗೇ ಅಮ್ಮಾ. ನೀರು ಕೇಳೋಕೂ ನನ್ನ ಅಂಗಿ ಎಳೀತಾಳೆ," ಎಂದು ನಕ್ಕ. "ಇರೇ, ನಿಂಬೆಗಿಡಕ್ಕೆ ಏನು ಗತಿ ಕಾಣಿಸಿದ್ದಾನೋ ಆ ಮಹಾರಾಯ, ನೋಡೋಣ."

"ಹಲ್ಲಿಂದ ಅಲ್ಲಪ್ಪಾ," ಕಿಟಕಿಯಿಂದ ದನಿ ಬಂತು. ಮಾತು ಸ್ವಲ್ಪ ತೊದಲುತ್ತಿತ್ತು. "ಎಡಗೈಯಿಂದ."

ಆಮೇಲೆ ಕಿಟಕಿ ಮುಚ್ಚಿಕೊಂಡಿತು. ಒಂದೇ ಸಲ ಮುಚ್ಚಿದ್ದರೆ ಚೆನ್ನಾಗಿತ್ತು. ಮೊದಲು ಕಿಟಕಿಯ ಒಂದು ಕದ. ಆಮೇಲೆ ಗಾಲಿಕುರ್ಚಿ ಸರಿಸುವ ಸದ್ದು, ಚಕ್ರ ಎಲ್ಲೋ ತಾಗಿತು, ಮತ್ತೆ ಸರಿಯಿತು. ಕೊನೆಗೆ ಇನ್ನೊಂದು ಕದ. ಅಷ್ಟು ಹೊತ್ತೂ ನಾವು ಮೂವರೂ ನೆಲ ನೋಡುತ್ತಾ ನಿಂತಿದ್ದೆವು.

"ನಮ್ಮ ಮನೆಯವರು," ಅಂದರು ಅಮ್ಮ. "ಲಕ್ವ ಹೊಡೆದ ಮೇಲೂ ತೋಟ ಬಿಡಲಿಲ್ಲ. ಮಾಲಿ ಕರೆಸೋದು ಅವರಿಗೆ ಇಷ್ಟ ಇರಲಿಲ್ಲ. ನಾನೇ ಹಟ ಮಾಡಿದೆ."

"ನನ್ನ ಬಾಯಿ, ಅಮ್ಮಾ..." ಅಪ್ಪ ಚೀಲ ಎತ್ತಿಕೊಂಡ.

"ನಾಳೆಯಿಂದ ಬನ್ನಿ," ಅಂದರು ಅವರು. ಬೈದು ಕಳಿಸಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ದಾರಿಯಲ್ಲಿ ಅಪ್ಪ ನನಗಿಂತ ಮುಂದೆ ನಡೆಯುತ್ತಿದ್ದ. ತಿರುವಿನಲ್ಲಿ ನಿಂತ.

"ನಿನಗೆ ಮೊದಲೇ ಗೊತ್ತಾಗಿತ್ತಾ?"

"ಅಂಗಿ ಎಳೆದೆನಲ್ಲ."

"ಬಾಯಿ ಏನಕ್ಕಿದೆ ನಿನಗೆ?"



ಮರುದಿನದಿಂದ ಅಪ್ಪ ತುಟಿ ಬಿಚ್ಚದೆ ದುಡಿದ. ಏಣಿ ಹಾಕಿ ಮೇಲಿನದೆಲ್ಲ ಕತ್ತರಿಸಿದ. ಸೊಂಟದಿಂದ ಕೆಳಗೆ ಒಂದು ಎಲೆಯನ್ನೂ ಮುಟ್ಟಲಿಲ್ಲ. ತಲೆಗೂದಲು ಕತ್ತರಿಸಿ ಗಡ್ಡ ಹಾಗೇ ಬಿಟ್ಟವರಂತೆ ಕಾಣುತ್ತಿದ್ದವು ಗಿಡಗಳು. ನಾನು ದಾರಿಯ ಹುಲ್ಲು ಕಿತ್ತು, ಚಕ್ರಕ್ಕೆ ಅಡ್ಡವಾಗುವ ಕಲ್ಲುಗಳನ್ನು ಆರಿಸಿದೆ. ಕಿಟಕಿ ಮುಚ್ಚಿಯೇ ಇತ್ತು. ನಾವು ಇರುವವರೆಗೆ ಯಜಮಾನರು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ.

"ಕೆಳಗಿಂದು ಮರೆತ್ರಾ?" ಅಮ್ಮ ಒಂದು ದಿನ ಕೇಳಿದರು.

ಅಪ್ಪ ಏಣಿಯ ಮೇಲಿಂದ ನನ್ನನ್ನು ನೋಡಿದ.

"ಅದು ಅವರದು," ಅಂದೆ ನಾನು. "ನಾವು ಊಟದ ಹೊತ್ತಿಗೆ ಹೊರಟುಬಿಡ್ತೀವಿ. ಆಮೇಲೆ ಅವರು ಬರಬಹುದು ಅಂತ ಹೇಳಿ. ದಾರಿ ಸರಿ ಮಾಡಿದ್ದೀನಿ."

ಮಾತಾಡಿ ಅಭ್ಯಾಸವಿಲ್ಲದ ದನಿ, ಕೂಗಿದ ಹಾಗೆ ಬಂದಿತ್ತು. ಮುಚ್ಚಿದ ಕಿಟಕಿಯ ಒಳಗೂ ಕೇಳಿಸಿರಬೇಕು. ಪೊರಕೆ ಹಿಡಿದು ಮನೆಯ ಹಿಂದಕ್ಕೆ ಹೋದೆ.

ಎಷ್ಟೋ ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಗುಲಾಬಿಯಲ್ಲಿ ಹೊಸ ಗಾಯ ಕಂಡಿತು. ತೊಗಟೆ ಉದ್ದಕ್ಕೆ ಸುಲಿದಿತ್ತು. ಕೆಳಗೆ ಬಿದ್ದ ಕಡ್ಡಿಯ ಎಲೆ ಬಾಡಿತ್ತು, ಒಣಗಿರಲಿಲ್ಲ.

ಅಪ್ಪ ಬಗ್ಗಿ ನೋಡಿದ. "ಯಾರು..." ಎಂದು ಅಭ್ಯಾಸದಂತೆ ಶುರುಮಾಡಿ, ಅಲ್ಲಿಗೇ ನುಂಗಿಕೊಂಡ. ಕೈ ಕತ್ತರಿಗೆ ಹೋಯಿತು. ಹಾಗೇ ಬಿಟ್ಟರೆ ಆ ಕೊಂಬೆ ಕೊಳೆಯುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಕಿಟಕಿಯ ಕಡೆ ನೋಡಿದ. ಕತ್ತರಿಯನ್ನು ಮತ್ತೆ ಚೀಲಕ್ಕೆ ಹಾಕಿ, ನನ್ನ ಮುಖ ನೋಡದೆ, ಏಣಿ ಹೊತ್ತುಕೊಂಡು ನಿಂಬೆಗಿಡದ ಕಡೆ ಹೋದ.