ಐದೂವರೆಯವರೆಗೂ ನಿನ್ನೆ

ಮುಳ್ಳೂರಿನ ಪುಟ್ಟಸಿದ್ದಯ್ಯನಿಗೆ ಊರಲ್ಲಿ ತಲೆಯೆತ್ತಿ ಓಡಾಡುವುದೇ ಕಷ್ಟವಾಗಿತ್ತು. ಹೊಸ ಜಕಾರ್ಡ್ ಮಗ್ಗಕ್ಕೆ ಅವನು ಅರ್ಜಿ ಹಾಕಿದ್ದು ಬೆಳಿಗ್ಗೆ ಒಂಬತ್ತಕ್ಕೆ, ಇಡ್ಲಿ ತಿಂದು ಕೈ ತೊಳೆದ ಮೇಲೆ. ಕೊಳ್ಳೇಗಾಲದ ನೇಕಾರರ ಸಂಘದ ವೆಬ್‌ಪುಟ ಮಾತ್ರ ಮೂರೂವರೆ ಎಂದು ತೋರಿಸುತ್ತಿತ್ತು. ಯಾರೋ ಅದನ್ನು ಟೀ ಅಂಗಡಿಯಲ್ಲಿ ಓದಿ ಹೇಳಿದರು. ಮಗ್ಗದ ಆಸೆಗೆ ಪುಟ್ಟಸಿದ್ದಯ್ಯ ನಿದ್ದೆ ಬಿಟ್ಟಿದ್ದಾನೆ ಎಂಬ ಮಾತು ಯಳಂದೂರಿನ ಬೀಗರ ಮನೆಯವರೆಗೂ ಮುಟ್ಟಿತು.

ಅವನು ಸಂಘದ ಆಫೀಸಿಗೆ ಬಂದು ಸೆಕ್ರೆಟರಿ ಶಾಂತರಾಜುವಿನ ಎದುರು ಕೂತ. "ನಾನೇನ್ ಕಳ್ಳನಾ ಸಾ, ಮೂರೂವರೆಗೆ ಎದ್ದು ಅರ್ಜಿ ಆಕಕ್ಕೆ?" ಎಂದವನು ಕುರ್ಚಿ ಬಿಟ್ಟು ಏಳಲೇ ಇಲ್ಲ. ಶಾಂತರಾಜು ವಾಣಿಶ್ರೀಗೆ ಫೋನ್ ಮಾಡಿದ.

ವಾಣಿಶ್ರೀ ಬಿಸಿಎ ಕೊನೆಯ ವರ್ಷದವಳು. ಕಾಲೇಜಿನ ಪ್ರಾಜೆಕ್ಟ್ ಎಂದು ಸಂಘದ ಪುಟವನ್ನು ಪಿಎಚ್‌ಪಿ ಎಂಬ ಕೋಡಿನ ಭಾಷೆಯಲ್ಲಿ ಬರೆದವಳು ಅವಳೇ. ಅವಳ ಅವ್ವ ಮಹದೇವಮ್ಮ ತೀರಿಕೊಂಡು ಇಪ್ಪತ್ತೆರಡು ದಿನವಾಗಿತ್ತು. ಅಷ್ಟು ದಿನದಲ್ಲಿ ಅವಳಿಗೆ ಒಮ್ಮೆಯೂ ಅಳು ಬಂದಿರಲಿಲ್ಲ. ಉಣ್ಣು ಎಂದರೆ ಉಂಡಳು, ಬಾ ಎಂದರೆ ಬಂದಳು. ಬಿಸಿಲಲ್ಲಿ ನಡೆದೇ ಬಂದದ್ದು ಅವಳಿಗೆ ಆಫೀಸಿನ ನೆರಳು ಸೇರಿದ ಮೇಲೂ ಗೊತ್ತಾಗಲಿಲ್ಲ.

ನಾಲ್ಕು ಗಂಟೆಗೆ ಕಮಿಟಿ, ಅಷ್ಟರೊಳಗೆ ಟೈಮ್ ಸರಿಮಾಡಿ ಪಟ್ಟಿ ಪ್ರಿಂಟ್ ತೆಗೆದುಕೊಡು ಎಂದ ಶಾಂತರಾಜು. ಹತ್ತನೇ ತಾರೀಕಿನೊಳಗೆ ಹಾಕಿದವರಿಗಷ್ಟೇ ಮಗ್ಗ. ಇದ್ದದ್ದು ಹನ್ನೆರಡು ಮಗ್ಗ, ಬಂದದ್ದು ಹನ್ನೆರಡು ಅರ್ಜಿ. ಅದರಲ್ಲಿ ಒಂದು ಅವಳ ಅಪ್ಪ ಮುತ್ತಯ್ಯನದು.

ಮೂಲೆಯ ಹಳೇ ಕಂಪ್ಯೂಟರೇ ಸರ್ವರ್. ಸೆಟ್ಟಿಂಗ್ ಫೈಲ್ ಎಲ್ಲಿದೆ ಎಂದು ಅವಳು ಕಮಾಂಡ್ ಕೊಟ್ಟು ಕೇಳಿದಳು. ಅದು ತೋರಿಸಿದ ಫೈಲಿನಲ್ಲಿ ಟೈಮ್‌ಝೋನ್ ಸಾಲನ್ನು ತಿದ್ದಿದಳು. ಪುಟದಲ್ಲಿ ಪುಟ್ಟಸಿದ್ದಯ್ಯ ಇನ್ನೂ ಮೂರೂವರೆಗೇ ಎದ್ದಿದ್ದ. ಆಮೇಲೆ ನೆನಪಾಯಿತು, ಒಂದೇ ಹೆಸರಿನ ಫೈಲು ಎರಡಿರುತ್ತವೆ. ಕಮಾಂಡಿಗೊಂದು, ವೆಬ್‌ಪುಟಕ್ಕೊಂದು. ಪಿಎಚ್‌ಪಿ ತನ್ನ ಜಾತಕವನ್ನೆಲ್ಲ ಹೇಳಿಕೊಳ್ಳುವ ಪುಟವೊಂದಿದೆ. ಅದನ್ನು ಬ್ರೌಸರಿನಲ್ಲಿ ತೆರೆದು ನೋಡಿದರೆ, ವೆಬ್‌ಪುಟ ಓದುತ್ತಿದ್ದ ಫೈಲು ಬೇರೆ ಫೋಲ್ಡರಿನಲ್ಲಿತ್ತು.

ಅಲ್ಲಿ ಟೈಮ್‌ಝೋನ್ ಸಾಲಿನ ಮುಂದೆ ಸೆಮಿಕೋಲನ್ ಇತ್ತು. ಅದಿದ್ದರೆ ಆ ಸಾಲು ಇದ್ದೂ ಇಲ್ಲದ ಹಾಗೆ. ಯಾವ ಊರಿನ ಗಡಿಯಾರ ಎಂದು ಯಾರೂ ಹೇಳದ್ದರಿಂದ ಪುಟ ಲಂಡನ್ ಕಡೆಯ ಗಡಿಯಾರವನ್ನೇ ಹಿಡಿದುಕೊಂಡಿತ್ತು, ನಮಗಿಂತ ಐದೂವರೆ ಗಂಟೆ ಹಿಂದೆ. ಅಂದರೆ ಕೊಳ್ಳೇಗಾಲದಲ್ಲಿ ಬೆಳಗಿನ ಐದೂವರೆ ಆಗುವವರೆಗೂ ಈ ಕಂಪ್ಯೂಟರಿಗೆ ನಿನ್ನೆಯೇ.

ಅವಳ ಬೆರಳು ಕೀಲಿಯ ಮೇಲೆ ನಿಂತಿತು. ಹತ್ತನೇ ತಾರೀಕು ರಾತ್ರಿ ಅವ್ವನ ಫೋನಿನಲ್ಲಿ ಅಪ್ಪನ ಅರ್ಜಿ ತುಂಬಿದ್ದು ತಾನು. ನೆಟ್‌ವರ್ಕ್ ಇರಲಿಲ್ಲ. ಬಂದಾಗ ಈ ಹಸಿರು ಬಟನ್ ಒತ್ತು ಎಂದು ಹೇಳಿ ಮಲಗಿದ್ದಳು. ಅವ್ವ ಕೋಳಿ ಕೂಗುವ ಹೊತ್ತಿಗೆ ಎದ್ದು, ಒತ್ತಿ, ಆಮೇಲೆ ಬಾಗಿಲಿಗೆ ನೀರು ಹಾಕಲು ಹೋಗಿದ್ದಳು.

ಪಟ್ಟಿಯಲ್ಲಿ ಅಪ್ಪನ ಹೆಸರಿನ ಮುಂದೆ ಹತ್ತನೇ ತಾರೀಕು, ರಾತ್ರಿ ಹನ್ನೊಂದು ನಲವತ್ತೆರಡು ಎಂದಿತ್ತು. ಅದಕ್ಕೆ ಐದೂವರೆ ಗಂಟೆ ಕೂಡಿಸುವುದು ಕಷ್ಟವಿರಲಿಲ್ಲ.

ಅವಳು ಸೆಮಿಕೋಲನ್ ಅಳಿಸಿದಳು. ಏಷ್ಯಾ, ಓರೆಗೆರೆ, ಕೋಲ್ಕತ್ತಾ ಎಂದು ಟೈಪ್ ಮಾಡಿದಳು; ಕಂಪ್ಯೂಟರಿಗೆ ಇಡೀ ದೇಶದ ಗಡಿಯಾರಕ್ಕೆ ಅದೇ ಹೆಸರು. ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿದಳು. ಪುಟ್ಟಸಿದ್ದಯ್ಯ ಒಂಬತ್ತು ಗಂಟೆಯ ಮನುಷ್ಯನಾದ. ಮುತ್ತಯ್ಯನ ಅರ್ಜಿ ಹನ್ನೊಂದನೇ ತಾರೀಕು ಐದು ಹನ್ನೆರಡಕ್ಕೆ ಸರಿದು, ಅವಳೇ ಬರೆದಿದ್ದ ಕೋಡು ಅದರ ಮುಂದೆ ಕೆಂಪಕ್ಷರದಲ್ಲಿ 'ತಡ' ಎಂದು ಹಾಕಿತು.

ಪುಟ್ಟಸಿದ್ದಯ್ಯ ಸ್ಕ್ರೀನಿನ ಫೋಟೋ ಹೊಡೆದುಕೊಂಡು ಟೀ ಅಂಗಡಿಗೆ ಹೊರಟ. ಅವನು ಮೆಟ್ಟಿಲಿಳಿದ ಮೇಲೆ ಶಾಂತರಾಜು ಕೆಂಪಕ್ಷರದ ಮೇಲೆ ಬೆರಳಿಟ್ಟ.

"ಇದು ನಿಮ್ಮಪ್ಪುಂದಲ್ವೇನವ್ವ? ಮೊದ್ಲಿದ್ದಂಗೇ ಮಾಡ್ಬುಡು. ಯಾರ್ ನೋಡ್ತಾರೆ?"

"ಮೊದ್ಲಿದ್ದಂಗ್ ಮಾಡುದ್ರೆ ಪುಟ್ಟಸಿದ್ದಯ್ನೋರು ತಿರ್ಗಾ ಮೂರೂವರೆಗೆ ಓಯ್ತಾರೆ ಸಾ."

"ಓದ್ರೆ ಓಗ್ಲಿ ಬುಡು, ಮಗ್ಗ ಎಂಗೂ ಸಿಕ್ತದೆ ಅವ್ನಿಗೆ."

ವಾಣಿಶ್ರೀ ಪ್ರಿಂಟ್ ಒತ್ತಿದಳು. ಕಾಗದ ಹೊರಗೆ ಬರುವುದನ್ನು ಬೇರೆ ಯಾರದೋ ಪಟ್ಟಿ ಎಂಬಂತೆ ನೋಡುತ್ತ ನಿಂತಳು.

ಮನೆಯಲ್ಲಿ ಅಪ್ಪ ಜಗಲಿಯ ಮೇಲಿದ್ದ. ಅವ್ವ ಹೋದಂದಿನಿಂದ ಅವನು ಹಳೇ ಮಗ್ಗದಲ್ಲಿ ಕೂತಿರಲಿಲ್ಲ. ಹೊಸದು ಬರಲಿ, ಆಗ ಕೂರುತ್ತೇನೆ ಎನ್ನುತ್ತಿದ್ದ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗಡಿಯಾರ ತಿದ್ದಿದ್ದು ತಾನೇ ಎನ್ನುವುದನ್ನೂ ಬಿಡಲಿಲ್ಲ.

"ಅವ್ಳು ತಡ ಮಾಡ್ನಿಲ್ಲ ಕಣ್ಮಗ," ಎಂದ ಮುತ್ತಯ್ಯ. "ಬಾಗ್ಲಿಗೆ ನೀರ್ ಬೀಳೋಗಂಟ ನಿಮ್ಮವ್ವಂಗೆ ನಿನ್ನೆನೇಯ."

"ಕಂಪ್ಯೂಟರ್‌ಗೂ ಅಂಗೇ ಇತ್ತು ಅಪ್ಪಾ. ನಾನೇ ಬದ್ಲಾಯ್ಸ್‌ಬುಟ್ಟೆ."

ಅವನು ಎದ್ದು ಒಳಗೆ ಹೋದ. ಹಳೇ ಮಗ್ಗದ ಮೇಲೆ ಹೊದಿಸಿದ್ದ ಪಂಚೆ ತೆಗೆದು ಕೊಡವಿದ ಸದ್ದು ಕೇಳಿತು. ಲಾಳಿಗೆ ಹಾಕಲು ನೂಲಿನ ಕಂಡಿಕೆ ಸುತ್ತಿರಲಿಲ್ಲ. ಅದು ಅವ್ವನ ಕೆಲಸ. ವಾಣಿಶ್ರೀ ರಾಟೆಯ ಮುಂದೆ ಅವ್ವ ಕೂರುತ್ತಿದ್ದ ಮಣೆಯ ಮೇಲೆ ಕೂತು ತಿರುಗಿಸತೊಡಗಿದಳು. ರೇಷ್ಮೆ ಎಳೆ ಬೆರಳ ಸಂದಿಯಲ್ಲಿ ಸರಸರನೆ ಹರಿದು, ಸ್ವಲ್ಪ ಹೊತ್ತಿಗೆ ಚರ್ಮ ಕೊಯ್ದಿತು.

ಉರಿಯಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಒಳಗಿನಿಂದ ಅಪ್ಪ ಕಂಡಿಕೆ ಆಯಿತಾ ಎಂದು ಕೇಳಿದಾಗ ಅವಳು ಅಳುತ್ತಿದ್ದಳು.