ಟವಲಿನ ಕೆಳಗಿನ ಕೈ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನೀಲಾಳ ಫಿಜಿಯೋಥೆರಪಿ ಕ್ಲಿನಿಕ್ಕು ಇತ್ತು. ಕಿತ್ತೂರು ಕಡೆಯ ಪೈಲ್ವಾನರು ಅಲ್ಲಿಗೆ ಬಂದು ಮೊಣಕಾಲು ಒಪ್ಪಿಸುತ್ತಿದ್ದರು, ರಾಮದುರ್ಗದ ನೇಕಾರರು ಸೊಂಟ ಒಪ್ಪಿಸುತ್ತಿದ್ದರು. ಅವಳ ಕೈ ಬೇಡವೆಂದವರು ಯಾರೂ ಇರಲಿಲ್ಲ, ಅವಳ ಸ್ವಂತ ಮಾವ ಹಣಮಂತಪ್ಪನೊಬ್ಬನನ್ನು ಬಿಟ್ಟು.

ಕಾರಣ ಕೇಳಿದರೆ ನಗು ಬರುತ್ತದೆ, ಆದರೆ ಯರಗಟ್ಟಿಯ ಆ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಸೊಸೆ ಮಾವನ ಮೈ ಮುಟ್ಟಬಾರದು. ಹಬ್ಬಕ್ಕೆ ಕಾಲು ಮುಟ್ಟಿ ನಮಸ್ಕಾರ ಮಾಡಬಹುದು, ಕೈ ಮಾತ್ರ ಮುಟ್ಟುವಂತಿಲ್ಲ. ಈ ಕಾಯಿದೆ ಮಾಡಿದ ಪುಣ್ಯಾತ್ಮ ಯಾರೋ ಏನೋ, ಅವನಿಗೆ ಲಕ್ವಾ ಹೊಡೆದಿರಲಿಕ್ಕಿಲ್ಲ.

ಹಣಮಂತಪ್ಪನಿಗೆ ಹೊಡೆದಿತ್ತು. ಒಂದು ಬೆಳಿಗ್ಗೆ ಚಹಾದ ಕಪ್ಪು ಬಲಗೈಯಿಂದ ಜಾರಿ ಬಿತ್ತು, ಅದರ ಹಿಂದೆಯೇ ಅವನೂ ಬಿದ್ದ. ಆಸ್ಪತ್ರೆಯವರು ಜೀವ ಉಳಿಸಿ ಕಳಿಸಿದರು. ಮಾತು ಮರಳಿ ಬಂತು, ಕಾಲೂ ಬಂತು, ಬಲಗೈ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಇದ್ದ ಎಡಗೈಯಲ್ಲೇ ದಿನ ನೂಕುತ್ತಿದ್ದರೇನೋ. ಹಣಮಂತಪ್ಪ ದನದ ಸಂತೆಯ ದಲ್ಲಾಳಿ. ಎತ್ತಿನ ಬೆಲೆಯನ್ನು ಬಾಯಿ ಬಿಟ್ಟು ಹೇಳುವ ವ್ಯಾಪಾರವಲ್ಲ ಅದು. ದಲ್ಲಾಳಿಯೂ ಕೊಳ್ಳುವವನೂ ಬಲಗೈಗಳನ್ನು ಕೂಡಿಸಿ, ಮೇಲೊಂದು ಟವಲ್ ಹೊದಿಸಿ, ಒಳಗೊಳಗೇ ಎದುರಿನವನ ಬೆರಳು ಹಿಡಿಯುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ಹತ್ತುಸಾವಿರ ಬೆಲೆ. ಒಪ್ಪಿಗೆಯಾದರೆ ಇಡೀ ಅಂಗೈ ಅದುಮುತ್ತಾರೆ. ಅಲ್ಲಿಗೆ ಸೌದಾ ಮುಗಿಯಿತು, ದೇವರೇ ಬಂದು ಹೇಳಿದರೂ ಹಿಂದೆಗೆಯುವಂತಿಲ್ಲ. ಟವಲಿನೊಳಗೆ ಎಡಗೈ ತಂದರೆ ಎದುರಿನವನಿಗೆ ಅವಮಾನ ಮಾಡಿದಂತೆ.

ಬಲಗೈ ಬರದಿದ್ದರೆ ಹಣಮಂತಪ್ಪನಿಗೆ ಸಂತೆಯಿಲ್ಲ. ಸಂತೆಯಿಲ್ಲದ ಹಣಮಂತಪ್ಪ ಹೇಗಿರುತ್ತಾನೆಂಬುದು ಮನೆಯವರಿಗೆ ಆಗಲೇ ತಿಳಿದಿತ್ತು. ಕಟ್ಟೆಯ ಮೇಲೆ ಕೂತು ಹಾದಿಯಲ್ಲಿ ಹೋಗುವ ಎತ್ತುಗಳನ್ನು ನೋಡುತ್ತಿದ್ದ, ಒಂದು ಮಾತೂ ಆಡುತ್ತಿರಲಿಲ್ಲ. ಎತ್ತು ನೋಡಿ ಸುಮ್ಮನಿರುವ ಹಣಮಂತಪ್ಪನನ್ನು ನೀಲಾಳಿಗೆ ನೋಡಲಾಗುತ್ತಿರಲಿಲ್ಲ.

ಯಾರೋ ಕೊಟ್ಟ ಬೇರಿನ ಎಣ್ಣೆ ತಿಕ್ಕಿದ್ದಾಯಿತು. ತಿಕ್ಕಲಿ ಬಿಡಿ ಅಂದಳು ನೀಲಾ, ಡಾಕ್ಟರ ಗುಳಿಗೆ ಮಾತ್ರ ತಪ್ಪಿಸಬೇಡಿ. ಆದರೆ ಎಣ್ಣೆ ಕುಡಿದ ಕೈ ಮಿರಿಮಿರಿ ಮಿಂಚಿತೇ ಹೊರತು ಅಲುಗಲಿಲ್ಲ. ಕೊನೆಗೆ ಒಂದು ದಿನ ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಪಡಸಾಲೆಯ ಹೊಸ್ತಿಲಲ್ಲಿ ನಿಂತಳು.

"ಮಾವಾರ, ನಾ ಕೈ ಮುಟ್ಟೂದಿಲ್ಲ. ದೂರ ಕುಂತು ಹೇಳತೇನಿ. ನಡೀತೈತೇನ್ರಿ?"

"ದೂರ ಕುಂತು ಹೇಳಾಕ ಏನ್ ಅಡ್ಡಿ ಇಲ್ಲವ್ವಾ. ರೇಡಿಯೋನೂ ದೂರನ ಇರತೈತಿ."

ಗಂಡ ಅರ್ಜುನನಿಂದ ಅವಳು ಬಟ್ಟೆಯ ತಿಜೋರಿಯ ಬಾಗಿಲಿನ ಕನ್ನಡಿ ಬಿಚ್ಚಿಸಿದಳು. ಇನ್ನು ಸೆರಗು ಎಲ್ಲಿ ನೋಡಿಕೊಳ್ಳಬೇಕೆಂದು ಅತ್ತೆ ಬಾಯವ್ವ ಗೊಣಗಿದಳು. ಮಾವನ ಮುಂದೆ ಮಣೆ ಇಟ್ಟು, ಅದರ ಮೇಲೆ ಎರಡೂ ಕೈಗಳ ನಡುವೆ ಬರುವಂತೆ ಕನ್ನಡಿ ನಿಲ್ಲಿಸಿ, ಬರದ ಬಲಗೈಯನ್ನು ಕನ್ನಡಿಯ ಹಿಂದೆ ಮರೆಮಾಡಿಸಿ, ಎಡಗೈಯನ್ನು ಮುಂದೆ ಇಡಿಸಿದ್ದಾಯಿತು.

"ಈಗ ಎಡಗೈ ಮುಚ್ರಿ, ತಗೀರಿ. ಕಣ್ಣ ಕನ್ನಡ್ಯಾಗ ಇರ್ಲಿ. ಹಿಂದಿನ ಕೈನೂ ಹಂಗ ಮಾಡಾಕ ಹತ್ತೇತಿ ಅಂತ ತಿಳೀರಿ."

ಕನ್ನಡಿಯೊಳಗೆ ಒಂದು ಬಲಗೈ ಸಲೀಸಾಗಿ ಮುಚ್ಚಿ ತೆರೆಯಿತು. ಹಣಮಂತಪ್ಪ ಅದನ್ನು ಸಂಶಯದಿಂದ ನೋಡಿದ.

"ಇದು ಎಡಗೈ."

"ಬಲಗೈ ಆಗಿ ಕಾಣತೈತೆಲ್ರಿ."

"ಕಾಣತೈತಿ, ಆದ್ರ ಅಲ್ಲ. ತಂಗೀ, ಮುದಿ ಎತ್ತಿನ ಕೋಡು ಕೆತ್ತಿ, ಎಣ್ಣಿ ಹಚ್ಚಿ, ಹರೇದ ಹೋರಿ ಅಂತ ಮಾರಾಕ ಬಂದಾವರನ್ನ ಭಾಳ ಮಂದೀನ ಹಿಡದೇನಿ ನಾ. ನನಗ ಟೋಪಿ ಹಾಕ್ತೀಯೇನ?"

"ನಿಮಗಲ್ರಿ, ನಿಮ್ಮ ಮಿದುಳಿಗೆ. ಕೈಗೆ ಏನೂ ಆಗಿಲ್ಲ. ಕೈಗೆ ಹೋಗೂ ಹಾದಿ ಮಿದುಳಿಗೆ ಮರತೈತಿ. ಕೈ ಆಡಾಕ ಹತ್ತೇತಿ ಅಂತ ಕಣ್ಣು ಹೇಳಿದ್ರ ಅದು ತಾನ ಹೊಸಾ ಹಾದಿ ಹುಡಕತೈತಿ. ಮೈಗೆ ತನ್ನ ರಿಪೇರಿ ತಾ ಮಾಡ್ಕೊಳ್ಳೂದು ಗೊತ್ತೈತ್ರಿ ಮಾವಾರ. ನಾವು ಅದನ್ನ ಕೆಲಸಕ್ಕ ಹಚ್ಚಬೇಕಷ್ಟ."

"ಹಂಗಾದ್ರ ನನ್ನ ಕೈಲೇ ನನಗ ಟೋಪಿ," ಅಂದು ಹಣಮಂತಪ್ಪ ನಕ್ಕುಬಿಟ್ಟ. ಬಿದ್ದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ದಿನಾ ಬೆಳಿಗ್ಗೆ, ಸಂಜೆ ಕನ್ನಡಿಯ ಮುಂದೆ ಕೂಡುವುದು ರೂಢಿಯಾಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಹಿಂದಿನ ಕೈಯ ಹೆಬ್ಬೆರಳು ಅಲುಗಿತು, ಆಮೇಲೆ ಉಳಿದವೂ ಒಂದೊಂದಾಗಿ ಎದ್ದವು. ಆಗ ನೀಲಾಳಿಗೊಂದು ವಿಚಾರ ಹೊಳೆಯಿತು. ಕೈಗೆ ಗೊತ್ತಿರುವ ಕೆಲಸವನ್ನೇ ಕೊಡಬೇಕು. ರಬ್ಬರ್ ಚೆಂಡು ಹಿಚುಕಿ ಈ ಕೈಗೇನು ಗೊತ್ತು? ಬಾಯವ್ವನನ್ನು ಎದುರಿಗೆ ಕೂರಿಸಿ, ಇಬ್ಬರ ಬಲಗೈ ಕೂಡಿಸಿ, ಮೇಲೆ ಟವಲ್ ಹಾಕಿಸಿದಳು.

"ಈ ವಯಸ್ಸಿನ್ಯಾಗ ಕೈ ಕೈ ಹಿಡಕೊಂಡ ಕುಂತ್ರ ಮಂದಿ ಏನಂದಾರು!" ಅಂತ ಬಾಯವ್ವ ನಾಚಿದಳು. ಆದರೂ ಕೈ ಹಿಂದೆ ತೆಗೆಯಲಿಲ್ಲ. ಹೆಂಗಸರು ಯಾರೂ ಕಲಿಯದ ಬೆರಳಿನ ಲೆಕ್ಕವನ್ನು ಅವನು ಹೇಳಿಕೊಟ್ಟ, ಅವಳು ಕಲಿತಳು. ಅವನು ಹಿಡಿದಂತೆ ಇವಳು ಎರಡು, ಮೂರು, ನಾಲ್ಕು ಎಂದು ಪಟಪಟ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ. ಹಣಮಂತಪ್ಪ ಮೀಸೆಗೆ ಕರಿಬಣ್ಣ ಹಚ್ಚಿಕೊಂಡ. ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದ ನೀಲಾ ಹಿರಿಹಿರಿ ಹಿಗ್ಗಿದಳು.

ಆ ಹಿಗ್ಗು ಸಂತೆಯ ದಿನ ಇಳಿಯಿತು. ಅವಳು ಕ್ಲಿನಿಕ್ಕಿಗೆ ಹೋದ ಮೇಲೆ ಅಪ್ಪನೂ ಮಗನೂ ಅವಳಿಗೆ ಹೇಳದೆ ಮೋಟರ್‌ಸೈಕಲ್ ಹತ್ತಿ ದನದ ಸಂತೆಗೆ ಹೋಗಿದ್ದರು. ಸಂಜೆ ಬಸ್ಸಿಳಿದು ಬಂದರೆ ಮಾವ ಗೋಡೆಗೆ ಮುಖ ಮಾಡಿ ಮಲಗಿದ್ದ. ಅರ್ಜುನ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದ.

ಸುಭಾಸನೆಂಬ ರೈತನ ಜೋಡಿ ಎತ್ತು. ಕೊಳ್ಳಲು ಬಂದವನು ನಿಜಗುಣಪ್ಪ, ಹಳೆಯ ಗಿರಾಕಿ. ಟವಲ್ ಬಿತ್ತು, ಹಣಮಂತಪ್ಪ ನಾಲ್ಕೆಂದು ಬೆರಳು ಹಿಡಿದ. ನಿಜಗುಣಪ್ಪ ಕೂಡಲೇ ಖುಷಿಯಿಂದ ಅಂಗೈ ಅದುಮಿ, ಮೂರಕ್ಕೆ ಸೌದಾ ಮುಗಿಯಿತೆಂದ. ನಾಲ್ಕಕ್ಕೆ ಕಡಿಮೆ ಕೊಡುವುದಿಲ್ಲ ಎಂದಿದ್ದ ಸುಭಾಸ ಬೆಂಕಿಯಾದ. ತಾನು ಹಿಡಿದದ್ದು ನಾಲ್ಕು ಎಂದು ಹಣಮಂತಪ್ಪ ಆಣೆ ಮಾಡಿದ. ಟವಲ್ ಸರಿಸಿ ನೋಡಿದರೆ ನಿಜಗುಣಪ್ಪನ ಕಿರುಬೆರಳು ಹಿಡಿತದಿಂದ ಹೊರಗೇ ಇತ್ತು.

"ನಿಜಗುಣಪ್ಪ ಜಗಳಾ ತಗದಿದ್ರ ಛಲೋ ಇತ್ತು," ಅಂದ ಅರ್ಜುನ. "ಅಂವಾ ಅಪ್ಪನ ಬೆನ್ನ ಸವರಿ, ಹೋಗ್ಲಿ ಬಿಡಪಾ, ನಿನ್ನ ಕೈ ಸರಿ ಇಲ್ಲ, ಈ ಸೌದಾ ಬಿಟ್ಟೇನಿ ಅಂದ."

ನೀಲಾಳಿಗೆ ಅರ್ಥವಾಯಿತು. ಮೂವತ್ತು ವರ್ಷ ಯಾರೂ ಸೌದಾ ಹಿಂದೆಗೆಯದ ಕೈಯ ಮೇಲೆ ಸಂತೆಯ ನಡುವೆ ಒಬ್ಬ ಕನಿಕರ ತೋರಿಸಿದ್ದ. ನಷ್ಟವಾದರೆ ತುಂಬಿಕೊಳ್ಳಬಹುದು, ಇದನ್ನೇನು ಮಾಡುವುದು? ಗಂಡನ ಮೇಲೆ ಅವಳಿಗೆ ಎಷ್ಟು ಸಿಟ್ಟು ಬಂತೆಂದರೆ ಆ ರಾತ್ರಿ ಅವನಿಗೆ ಬಿಸಿ ರೊಟ್ಟಿ ಸಿಗಲಿಲ್ಲ.

ಮರುದಿನ ಕನ್ನಡಿ ತಿಜೋರಿಗೆ ಮರಳಿತು, ಟವಲ್ ಗೂಟಕ್ಕೆ ಹೋಯಿತು. ಸಾಕು ಎಂದುಬಿಟ್ಟ ಹಣಮಂತಪ್ಪ. ನೀಲಾ ಮಾತ್ರ ಸಾಕೆನ್ನಲಿಲ್ಲ. ಅಷ್ಟು ದಿನ ಮನೆಯಲ್ಲಿ ತಪ್ಪದ ನಾಲ್ಕು, ಸಂತೆಯಲ್ಲಿ ಯಾಕೆ ತಪ್ಪಿತು? ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಪಕ್ಕದಲ್ಲಿ ಕೂತು ಕೇಳಿದಳು.

"ಅತ್ಯಾರ, ನಿಮ್ಮ ಕೈಗೆ ನಾಕೂ ಬೆರಳು ಖರೇನ ಹತ್ತತಿದ್ವೇನ್ರಿ?"

"ಬೆರಳ ಯಾಕ ಬೇಕವಾ? ಅವರ ಮಾರಿ ನೋಡಿದ್ರ ಗೊತ್ತಾಗತೈತಿ. ನಾಕು ಹಿಡಿಯೂ ಮುಂದ ಹುಬ್ಬ ಮ್ಯಾಲ ಹೋಗತಾವ."

ನೀಲಾ ಹಣೆ ಚಚ್ಚಿಕೊಂಡಳು. ಆಮೇಲೆ ನಕ್ಕಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ ಬೆರಳಿಗೆ ಕೆಲಸವೇ ಬಿದ್ದಿರಲಿಲ್ಲ. ಕೈ ಮುಚ್ಚುವ ಮೊದಲೇ ಮನಸ್ಸು ತಿಳಿದುಬಿಡುತ್ತಿತ್ತು. ಬಾಯವ್ವನ ಪ್ರೀತಿಯೇ ಆ ಕೈಯನ್ನು ಸೋಮಾರಿ ಮಾಡಿತ್ತು, ಅದನ್ನು ನೋಡಿ ಹಿಗ್ಗಿದ ಡಾಕ್ಟರಮ್ಮ ತಾನು!

ಅವಳು ನೇರ ಪಡಸಾಲೆಗೆ ಹೋದಳು. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ.

"ಮಾವಾರ, ಕೈ ಸೋತಿಲ್ರಿ. ಅದಕ್ಕ ಖರೇ ಗಿರಾಕಿ ಸಿಕ್ಕಿಲ್ಲ. ಅತ್ಯಾರು ನಿಮ್ಮ ಮಾರಿ ನೋಡಿ ಹೇಳತಿದ್ರು. ನಿಮ್ಮ ಮನಸ ಗೊತ್ತಿರಲಾರದ ಕೈ ಬೇಕು. ಬೆರಳ ಹತ್ತಿದ್ರ ಅಷ್ಟ ಹತ್ತೇತಿ ಅನ್ನೂ ಕೈ."

ಹಣಮಂತಪ್ಪ ಗೋಡೆಯಿಂದ ಈ ಕಡೆ ಹೊರಳಿದ. ಸಂಜೆ ಅರ್ಜುನನನ್ನು ಕರೆದು ಟವಲ್ ಹೊದಿಸಿ ಕೈ ಹಿಡಿದ. ಅಪ್ಪನ ಹಿಡಿತ ಎಷ್ಟು ಸಡಿಲವೆಂದು ತಿಳಿದದ್ದೇ ಅರ್ಜುನನ ಕಣ್ಣು ತುಂಬಿತು, ನಾಲ್ಕು ಎಂದುಬಿಟ್ಟ.

"ನಾ ಹಿಡಿದಿದ್ದು ಎರಡು. ಏಳು ಮ್ಯಾಲ," ಅಂದ ಹಣಮಂತಪ್ಪ. "ಈ ಮನ್ಯಾಗ ನನಗ ಸುಳ್ಳ ಹೇಳಲಾರದಾಕಿ ಒಬ್ಬಾಕಿನ ಅದಾಳ. ನೀಲವ್ವಾ, ಬಾ ಇಲ್ಲಿ. ಕುಂದರು."

ಬಾಯವ್ವ ಬಾಗಿಲಿಗೆ ಬಂದು ನಿಂತಳು.

"ಟವಲ್ ಕೆಳಗ ಯಾರ ಕೈ ಐತಿ ಅಂತ ಯಾರೂ ಕೇಳೂದಿಲ್ಲ," ಅಂದ ಹಣಮಂತಪ್ಪ, ಯಾರ ಮುಖವನ್ನೂ ನೋಡದೆ. "ಇದು ವ್ಯಾಪಾರ."

ನೀಲಾ ಕೂತು ಬಲಗೈ ಚಾಚಿದಳು. ಅವನು ಟವಲ್ ಹೊದಿಸಿದ. ದಿನಕ್ಕೆ ಹತ್ತಾರು ಕೈ ಹಿಡಿಯುವವಳು ಮಾವನ ಕೈ ಮುಟ್ಟುವುದು ಇದೇ ಮೊದಲು. ಒರಟು ಬೆರಳುಗಳು ಬಂದು ಅವಳ ಬೆರಳುಗಳನ್ನು ಸುತ್ತಿದವು.

"ಮೂರು," ಅಂದಳು.

"ನಾಕು ಹಿಡದೇನಿ."

"ನನಗ ಮೂರ ಬಂದ್ವು ಮಾವಾರ."

"ನಾಕನ ಇರಬೇಕ ತಗೋ," ಅಂದಳು ಬಾಯವ್ವ. "ಹುಬ್ಬ ಮ್ಯಾಲ ಹೋದ್ವು."

"ಅತ್ಯಾರ, ನೀವು ಒಳಗ ನಡೀರಿ."

ಮತ್ತೆ ಹಿಡಿದ, ಮತ್ತೆ ಮೂರು. ಮತ್ತೆ ಹಿಡಿದ, ನೀಲಾ ಒಂದು ಬೆರಳಿನಷ್ಟೂ ಬಿಟ್ಟುಕೊಡಲಿಲ್ಲ. ಹಣಮಂತಪ್ಪನ ಹಣೆಯಲ್ಲಿ ಬೆವರು ಒಡೆಯಿತು. ಕನ್ನಡಿಯೊಳಗೆ ಕಂಡ ಕೈಯನ್ನು ನೆನಪಿಸಿಕೊಳ್ಳಿ ಎಂದು ಅವಳು ಮೆಲ್ಲಗೆ ಹೇಳಿದಳು. ಅವನು ಕಣ್ಣು ಮುಚ್ಚಿದ. ಟವಲಿನ ಕತ್ತಲೆಯಲ್ಲಿ ಏನೋ ಹುಡುಕುತ್ತ ಬಂದಂತಾಗಿ, ಅವಳ ಕಿರುಬೆರಳಿನ ಸುತ್ತ ಮೆತ್ತಗೆ, ಎಳೆಗರು ಬೆರಳು ಚೀಪಿದಷ್ಟು ಮೆತ್ತಗೆ, ಒಂದು ಹಿಡಿತ ಕೂಡಿತು.

"ನಾಕು," ಅಂದಳು ನೀಲಾ.

ಅವನು ಕಣ್ಣು ತೆರೆದ. "ಖರೇ?"

"ಖರೇ. ಆದ್ರ ಸಂತ್ಯಾಗ ಇಷ್ಟು ಸಾಲೂದಿಲ್ಲ. ಇನ್ನೂ ಬಿಗಿ ಬೇಕು."

ನಾಲ್ಕು ಎಂದಾಗ ಅರಳದಷ್ಟು ಅವನ ಮುಖ ಈ ಮಾತಿಗೆ ಅರಳಿತು. ಕನಿಕರವಿಲ್ಲದ ಮಾತು ಕೇಳಿ ಎಷ್ಟು ದಿನವಾಗಿತ್ತೋ! ಅವನು ಬೆರಳು ಬಿಟ್ಟು, ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಅವಳ ಇಡೀ ಅಂಗೈಯನ್ನು ಅದುಮಿದ.

"ಯಾವುದಕ್ಕ ಸೌದಾ ಮಾವಾರ?" ಅಂದಳು ನೀಲಾ.

"ನಾಳಿಂದ ಟವಲ್ ಬ್ಯಾಡವ್ವಾ," ಅಂದ ಹಣಮಂತಪ್ಪ. "ಬೆಳಕಿನ್ಯಾಗ ಕೈ ಹಿಡದು ಕಲಿಸು."

ಟವಲಿನೊಳಗೆ ಆದ ಸೌದಾ, ಹಿಂದೆಗೆಯುವ ಮಾತೇ ಇರಲಿಲ್ಲ. ನೀಲಾ ತಾನೂ ಅವನ ಅಂಗೈಯನ್ನು ಗಟ್ಟಿಯಾಗಿ ಅದುಮಿದಳು.