ಪೆಟ್ಟಿಗೆಯ ಮೇಲೆ ಕೂತವಳು

ತಮ್ಮನ ಹೆಂಡತಿ ಹೆಣದ ಸೊಂಟದಿಂದ ಬೀಗದ ಕೈ ಬಿಚ್ಚಲು ಒದ್ದಾಡುತ್ತಿದ್ದಳು. ಎಳೆದಷ್ಟೂ ದಾರ ಬಿಗಿಯುತ್ತಿತ್ತು.

"ಸತ್ಮೇಲೂ ಬಿಡಲ್ವಲ್ಲ ಈ ಮಹಾತಾಯಿ. ಕತ್ತರಿ ಎಲ್ಲಿದೆ ಅತ್ತಿಗೆ?"

"ಅಂಗಡೀಲಿರ್ಬೇಕು, ನೋಡು," ಎಂದಳು ಸತ್ತವಳ ತಂಗಿ. ಕತ್ತರಿಯನ್ನು ಆಗಲೇ ಕಿಟಕಿಯ ಪರದೆಯ ಹಿಂದೆ ಸರಿಸಿಟ್ಟವಳು ಅವಳೇ.

ಅಕ್ಕನದು ಲಾಂಡ್ರಿ. ಬಟ್ಟೆಯ ಹೊರೆಗೆ ಅವಳು ಹಾಕುತ್ತಿದ್ದ ಗಂಟೇ ಇದು. ಎಳೆದರೆ ಬಿಗಿಯುತ್ತದೆ, ಗಿಡ್ಡ ತುದಿಯನ್ನು ಒಳಕ್ಕೆ ತಳ್ಳಿದರೆ ತಾನಾಗಿ ಸಡಿಲುತ್ತದೆ. ಮದುವೆಗೆ ಮುಂಚೆ ತಂಗಿಯೂ ಅಲ್ಲೇ ಇಸ್ತ್ರಿಪೆಟ್ಟಿಗೆ ಹಿಡಿದವಳು. ತಮ್ಮನ ಹೆಂಡತಿ ಅಂಗಡಿಯತ್ತ ಹೋದೊಡನೆ ಅಕ್ಕನ ತಣ್ಣನೆಯ ಹೊಟ್ಟೆಯ ಮೇಲೆ ಬೆರಳೂರಿ ಆ ತುದಿಯನ್ನು ತಳ್ಳಿದಳು. ದಾರದ ಸಮೇತ ಕೀ ಅಂಗೈಗೆ ಬಿತ್ತು.

ಒಳಕೋಣೆಯ ತಗಡಿನ ಪೆಟ್ಟಿಗೆ ತೆರೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಉಣ್ಣೆಯ ಕಂಬಳಿಗಳು, ಬಿಳಿ ಹೊದಿಕೆಗಳು, ಒಂದರದೂ ಮಡಿಕೆ ಬಿಚ್ಚಿಲ್ಲ. ಪ್ರತಿಯೊಂದರ ಮೂಲೆಯಲ್ಲೂ ಅಕ್ಕ ಕೆಂಪು ದಾರದ ಗುರುತು ಹೊಲಿದಿದ್ದಳು. ಒಬ್ಬರ ಬಟ್ಟೆ ಇನ್ನೊಬ್ಬರದರಲ್ಲಿ ಬೆರೆಯದಿರಲೆಂದು ಲಾಂಡ್ರಿಯಲ್ಲಿ ಹಾಕುವ ಗುರುತು. ಪೆಟ್ಟಿಗೆ ಬಿಟ್ಟು ಹೊರಗೇ ಬಾರದ ಇವು ಯಾವುದರಲ್ಲಿ ಬೆರೆಯಬೇಕಿತ್ತೋ.

ಮಗಳು ಜ್ವರದಲ್ಲಿ ನಡುಗುತ್ತಿದ್ದಾಗ ತಂಗಿ ಒಂದು ಕಂಬಳಿ ಕೇಳಿದ್ದಳು. "ಹೊದ್ರೆ ಹಳೇದಾಗುತ್ತೆ ಕಣೇ," ಎಂದು ಅಕ್ಕ ತಲೆ ತಗ್ಗಿಸಿದ್ದಳು. ಮಗಳ ಜ್ವರ ಇಳಿಯಿತು. ಆ ಮಾತಿನ ಉರಿ ತಂಗಿಯೊಳಗೆ ಇಳಿಯಲಿಲ್ಲ.

*

ಅಮ್ಮ ಸತ್ತಾಗ ತಮ್ಮ ಇನ್ನೂ ಕೈಗೂಸು. ಆ ದಿನ ಅತ್ತೆಯರಿಬ್ಬರು ಬಂದು ಮೊದಲು ಎಳೆದುಕೊಂಡದ್ದು ಅವಳು ಹೊದ್ದಿದ್ದ ಕಂಬಳಿಯನ್ನು. "ಇವಳಿಗಿನ್ನೇನು ಚಳಿ?" ಎಂದು ಒಬ್ಬಳು ನಕ್ಕಳು. ಆಮೇಲೆ ಪಾತ್ರೆ ಹೋದವು, ಕನ್ನಡಿ ಹೋಯಿತು, ತಂಗಿಯ ಕಾಲಲ್ಲಿದ್ದ ಬೂಟೂ ಹೋಯಿತು. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನ ಅಕ್ಕ ಓಡಿಹೋಗಿ ಇದೇ ತಗಡಿನ ಪೆಟ್ಟಿಗೆಯ ಮೇಲೆ ಕೂತಳು.

"ಏಳೇ, ನಿಮ್ಮಮ್ಮನ್ನ ಒಯ್ತಿದಾರೆ. ಮುಖ ನೋಡ್ಕೋ ಬಾ."

"ನಾನೆದ್ರೆ ನೀವಿದನ್ನ ತಗೊಂಡು ಹೋಗ್ತೀರ."

ಏಳಲೇ ಇಲ್ಲ. ತಂಗಿ ಬರಿಗಾಲಲ್ಲಿ ಒಬ್ಬಳೇ ಹೆಣದ ಹಿಂದೆ ಹೋಗಿ ಬಂದಾಗಲೂ ಅಕ್ಕ ಅಲ್ಲೇ ಇದ್ದಳು. ಕೂತಲ್ಲೇ ಉಚ್ಚೆ ಹೊಯ್ದುಕೊಂಡಿದ್ದಳು. ಪೆಟ್ಟಿಗೆಯಲ್ಲಿದ್ದದ್ದು ಹರಕು ಚಿಂದಿ.

ದೊಡ್ಡವಳಾದ ಮೇಲೆ ತಂಗಿ ಇದನ್ನು ಬಂದವರೆದುರೆಲ್ಲ ತಮಾಷೆಯಾಗಿ ಹೇಳಿ ನಗಿಸುತ್ತಿದ್ದಳು. "ನಮ್ಮಕ್ಕ ಹೆತ್ತಮ್ಮನ್ನ ಬಿಟ್ಲು, ತಗಡು ಬಿಡ್ಲಿಲ್ಲ." ಅಕ್ಕನೂ ಎಲ್ಲರ ಜೊತೆ ನಗುತ್ತಿದ್ದಳು. ನಗುವಾಗ ಅವಳ ಕೈ ಸೊಂಟದ ಕೀಯನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.

*

"ವ್ಯಾನ್ ಬಂತು. ಹೊದಿಸೋಕೆ ಏನಾದ್ರೂ ಕೊಡಕ್ಕಾ," ತಮ್ಮ ಬಾಗಿಲಲ್ಲಿ ನಿಂತು ಕೇಳಿದ.

ತಂಗಿ ಒಂದು ಬಿಳಿ ಹೊದಿಕೆ ಎತ್ತಿಕೊಂಡಳು. ಕೊಡಬೇಕೆಂದೇ ಎತ್ತಿದ್ದು. ದಪ್ಪ ನೂಲು, ಕೆನ್ನೆಗೆ ಒತ್ತಿಕೊಂಡರೆ ಬೆಚ್ಚಗೆ.

"ಇದು ಮಣ್ಣಿಗೆ ಹೋಗೋದಲ್ವಾ," ಎಂದುಬಿಟ್ಟಿತು ಬಾಯಿ. "ಗಿರಾಕಿ ಬಿಟ್ಟುಹೋದದ್ದು ಅಂಗಡೀಲಿ ಯಾವುದಾದ್ರೂ ಇರುತ್ತೆ. ಅದನ್ನೇ ಹೊದಿಸು."

ತಮ್ಮ ಅವಳ ಮುಖ ನೋಡಿದ, ಅಂಗಡಿಯತ್ತ ಹೋದ.

ಕತ್ತರಿ ಸಿಗದೆ ಬಂದ ಅವನ ಹೆಂಡತಿ ತಂಗಿಯ ಕೈಯಲ್ಲಿದ್ದ ಕೀಯನ್ನು ಕಂಡು ಸಿಟ್ಟಾಗಲಿಲ್ಲ. "ನೀವು ನಡೀರಿ ಅತ್ತಿಗೆ, ಬಾಗಿಲು ನಾನು ಹಾಕ್ಕೊಂಡು ಬರ್ತೀನಿ," ಎಂದಳು ಬೆಣ್ಣೆಯಂಥ ದನಿಯಲ್ಲಿ. ಅವಳ ಅಣ್ಣ ಸಾಮಾನು ಸಾಗಿಸುವ ಗಾಡಿಯನ್ನು ತಂದು ಹಿಂಬಾಗಿಲಿಗೆ ಆನಿಸಿ ನಿಲ್ಲಿಸಿದ್ದು ಕಿಟಕಿಯಿಂದ ಕಾಣುತ್ತಿತ್ತು.

ತಂಗಿ ಮುಚ್ಚಳ ಹಾಕಿ ಬೀಗ ಜಡಿದಳು. ಆದರೆ ಪೆಟ್ಟಿಗೆಗೆ ಎರಡು ಕಡೆ ಹಿಡಿಗಳಿದ್ದವು. ಇಬ್ಬರು ಎತ್ತಿದರೆ ಬೀಗದ ಸಮೇತ ಹೋಗುತ್ತದೆ. ಅವಳು ಅದರ ಮೇಲೆ ಕೂತಳು.

"ಅಕ್ಕಾ, ಎತ್ತುತಾ ಇದೀವಿ. ಏಳು, ಕೊನೇ ಸಲ ಮುಖ ನೋಡ್ಕೋ ಬಾ," ತಮ್ಮ ಹೊರಗಿನಿಂದ ಕರೆದ. ಮತ್ತೆ ಕರೆದ. ವ್ಯಾನಿನವನು ಹಾರ್ನ್ ಒತ್ತಿದ.

ತೆರೆದ ಬಾಗಿಲಾಚೆ ಅಕ್ಕ ಸಾಗಿ ಹೋದಳು. ಮಾಸಿದ ಹೊದಿಕೆಯ ಮೂಲೆಯೊಂದು ಜೋತುಬಿದ್ದಿತ್ತು, ಅದರಲ್ಲಿ ಯಾರದೋ ಮನೆಯ ನೀಲಿ ದಾರದ ಗುರುತು. ವ್ಯಾನಿನ ಕದ ಬಡಿದುಕೊಂಡಿತು. ತಂಗಿ ಕೂತಲ್ಲಿಂದಲೇ ಕೀಯ ದಾರವನ್ನು ತನ್ನ ಸೊಂಟಕ್ಕೆ ಸುತ್ತಿ, ಗಿಡ್ಡ ತುದಿಯನ್ನು ಹೊರಗೆಳೆದು ಗಂಟು ಬಿಗಿದಳು.